ನಕ್ಷೆಯಿಂದ ಮರೆಯಾದ ಗಾಳಿಯಂತ್ರ
ಈ ವಾರ ಅಮೆರಿಕದ ನೆಬ್ರಾಸ್ಕಾ ರಾಜ್ಯದ ಚೆರ್ರಿ ಕೌಂಟಿಯ ಹಳೆಯ ನಕ್ಷೆಯೊಂದನ್ನು ಕಂಪ್ಯೂಟರಿನಲ್ಲಿ ದೊಡ್ಡದು ಮಾಡಿದಾಗ ಮೊದಲು ಕಣ್ಣಿಗೆ ಬಿದ್ದದ್ದು ಊರಲ್ಲ, ರಸ್ತೆಯಲ್ಲ. ಎತ್ತರ ತೋರುವ ಕಂದು ಗೆರೆಗಳ ನಡುವೆ ಮತ್ತೆ ಮತ್ತೆ ಬರೆದಿದ್ದ 'ವಿಂಡ್‌ಮಿಲ್' ಎಂಬ ಒಂದೇ ಪದ. ಸುಮಾರು 15,500 ಚದರ ಕಿ.ಮೀ. ಹರಡಿದ ಈ ಕೌಂಟಿಯಲ್ಲಿ ಜನ ಆರು ಸಾವಿರಕ್ಕೂ ಕಡಿಮೆ. ಉಳಿದದ್ದು ಮರಳುದಿಬ್ಬದ ಹುಲ್ಲುಗಾವಲು, ದನದ ಮಂದೆ. ನೆಲದಡಿಯ ನೀರೆತ್ತಿ ತೊಟ್ಟಿ ತುಂಬಿಸುವ ಗಾಳಿಯಂತ್ರ ಎಲ್ಲಿದೆ ಎಂಬುದು ಅಲ್ಲಿ ದಿಬ್ಬದ ಎತ್ತರಕ್ಕಿಂತ ದೊಡ್ಡ ಸಂಗತಿ. ಇದು ಕಚೇರಿಯಲ್ಲಿ ಕೂತವರಿಗೆ ತಿಳಿಯುವಂಥದ್ದಲ್ಲ. 1879ರಲ್ಲಿ ಹುಟ್ಟಿದ ಅಮೆರಿಕದ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆಯ ಮೋಜಣಿದಾರರು ಮೂರು ಕಾಲಿನ ಹಲಗೆಯ ಮೇಲೆ ಕಾಗದ ಹಾಸಿ, ದುರ್ಬೀನು ಕೂರಿಸಿದ ಪಟ್ಟಿಯಿಂದ ಗುರಿ ಹಿಡಿದು, ನಿಂತ ನೆಲದಲ್ಲೇ ಗೆರೆ ಎಳೆಯುತ್ತಿದ್ದರು. ವಿಮಾನದಿಂದ ತೆಗೆದ ಚಿತ್ರಗಳು ಬಂದ ಮೇಲೂ ಸ್ಥಳಕ್ಕೆ ಹೋಗಿ ಖಾತ್ರಿ ಮಾಡಿಕೊಳ್ಳುವ ಪದ್ಧತಿ ಉಳಿದಿತ್ತು. 2009ರಿಂದ ಬರುತ್ತಿರುವ ಹೊಸ ನಕ್ಷೆಗಳು ಸಂಗ್ರಹಿಸಿಟ್ಟ ಮಾಹಿತಿಯಿಂದ ಕಂಪ್ಯೂಟರಿನಲ್ಲೇ ತಯಾರಾಗುತ್ತವೆ. ಕೆಲಸ ಬೇಗ ಮುಗಿಯುತ್ತದೆ, ನಿಜ. ಆದರೆ ಗಾಳಿಯಂತ್ರದಂಥ ಸಣ್ಣ ಗುರುತುಗಳು ಬಹುಪಾಲು ಬಿಟ್ಟುಹೋಗಿವೆ. ದನ ಕಾಯುವವನ ಕಣ್ಣಿನಿಂದ ನೋಡಿದರೆ ಇದು ದೊಡ್ಡ ನಷ್ಟವೇ. ಸಮಾಧಾನವೆಂದರೆ, 1884ರಿಂದ 2006ರವರೆಗಿನ 1,70,000ಕ್ಕೂ ಹೆಚ್ಚು ಹಳೆಯ ನಕ್ಷೆಗಳನ್ನು ಅದೇ ಸಂಸ್ಥೆ ಸ್ಕ್ಯಾನ್ ಮಾಡಿ, ಯಾರು ಬೇಕಾದರೂ ಉಚಿತವಾಗಿ ನೋಡುವಂತೆ ಇಟ್ಟಿದೆ.