ಚುನಾವಣೆಯ ಗಡಿಯಾರ, ಹಂಡೆಯ ನೀರು

"ಸಾರ್, ನೋಟು ಅಚ್ಚಾಗೋದು ನಮ್ಮ ಮೇಟಗಳ್ಳಿ ಹತ್ತಿರಾನೇ ಅಲ್ವಾ? ಚುನಾವಣೆ ಬಂದಾಗ ಸರ್ಕಾರ ಬೇಕಾದಷ್ಟು ಅಚ್ಚು ಹಾಕಿಸಿ ಹಂಚಬಹುದಲ್ಲ?" ಮೈಸೂರಿನ ತರಗತಿಗಳಲ್ಲಿ ಒಂದಲ್ಲ ಒಂದು ದಿನ ಬಂದೇ ಬರುವ ಪ್ರಶ್ನೆ ಇದು. ಕೇಳಲು ತಮಾಷೆಯಾಗಿದ್ದರೂ ಇದರೊಳಗೆ ಸರ್ಕಾರಕ್ಕೂ ರಿಸರ್ವ್ ಬ್ಯಾಂಕಿಗೂ ಇರುವ ಹಳೆಯ ಜಗಳವೊಂದು ಅಡಗಿದೆ.

ಇಲ್ಲಿನ ಮುದ್ರಣಾಲಯ ರಿಸರ್ವ್ ಬ್ಯಾಂಕಿನ ಅಂಗಸಂಸ್ಥೆಯದು. 1996ರಿಂದ ನೋಟು ಮುದ್ರಿಸುತ್ತಿದೆ. ಆದರೆ ಸಾಲ ಎಷ್ಟು ಅಗ್ಗವಾಗಬೇಕು, ಹಣ ಎಷ್ಟು ಹರಿಯಬೇಕು ಎಂಬುದನ್ನು ಮುದ್ರಣಯಂತ್ರ ತೀರ್ಮಾನಿಸುವುದಿಲ್ಲ. ಅದು ರಿಸರ್ವ್ ಬ್ಯಾಂಕಿನ ಕೆಲಸ.

ಬಚ್ಚಲುಮನೆಯ ಹಂಡೆಯನ್ನು ನೆನಪಿಸಿಕೊಳ್ಳಿ. ಒಲೆಗೆ ಸೌದೆ ತುಂಬಿದ ಕೂಡಲೇ ಉರಿ ಕಾಣುತ್ತದೆ. ನೀರು ಕಾಯುವುದು ತಡವಾಗಿ. ನೀರು ಕುದಿಯತೊಡಗಿದ ಮೇಲೆ ಸೌದೆ ಎಳೆದರೂ ಕೂಡಲೇ ತಣ್ಣಗಾಗದು. ಹಣದ ಕತೆಯೂ ಹೀಗೆಯೇ. ಬಡ್ಡಿ ಇಳಿಸಿದರೆ ಅಥವಾ ಸರ್ಕಾರ ಕೈಬಿಚ್ಚಿ ಖರ್ಚು ಮಾಡಿದರೆ ವ್ಯಾಪಾರ ಬೇಗ ಚುರುಕಾಗುತ್ತದೆ. ಸರಕು ಅಷ್ಟೇ ಇದ್ದು ಕೊಳ್ಳುವ ಹಣ ಹೆಚ್ಚಿದರೆ ಬೆಲೆ ಏರುತ್ತದೆ, ಆದರೆ ತಿಂಗಳುಗಳು ಕಳೆದ ಮೇಲೆ. ಸುಖ ಮತದಾನಕ್ಕೆ ಮುಂಚೆ, ಬಿಸಿ ಆಮೇಲೆ! ಯಾವ ಪಕ್ಷಕ್ಕಾದರೂ ಆಸೆಯಾಗದಿರುತ್ತದೆಯೆ?

ಅದಕ್ಕೇ ಸೌದೆಯ ರಾಶಿಯನ್ನು ಆಳುವವರ ಕೈಯಿಂದ ಸ್ವಲ್ಪ ದೂರ ಇಡುವ ಪದ್ಧತಿ ಬಂತು. ನಮ್ಮಲ್ಲಿ ಇದು ಸುಲಭವಾಗಿ ಆಗಲಿಲ್ಲ. ಕರಾವಳಿ ಮೂಲದ ಬೆನಗಲ್ ರಾಮರಾವ್ 1949ರಿಂದ ರಿಸರ್ವ್ ಬ್ಯಾಂಕಿನ ಗವರ್ನರ್ ಆಗಿದ್ದರು. ಹಣಕಾಸು ಸಚಿವ ಟಿ.ಟಿ. ಕೃಷ್ಣಮಾಚಾರಿಯವರು ಹುಂಡಿಗಳ ಮೇಲಿನ ಸ್ಟಾಂಪ್ ಶುಲ್ಕ ಏರಿಸಿದಾಗ, ಇದು ಬಡ್ಡಿದರದ ಮೇಲೆ ಕೈಹಾಕಿದಂತೆ ಎಂದು ಅವರು ಆಕ್ಷೇಪಿಸಿದರು. ಪ್ರಧಾನಿ ನೆಹರೂ ಸಚಿವರ ಪರ ನಿಂತರು. 1957ರ ಜನವರಿಯಲ್ಲಿ ರಾಮರಾವ್ ರಾಜೀನಾಮೆ ಕೊಟ್ಟರು. ಆ ಜಗಳಕ್ಕೆ ಚುನಾವಣೆ ಕಾರಣವಲ್ಲ. ಆದರೆ ಕೊನೆಯ ಮಾತು ಯಾರದೆಂಬುದು ಅಂದು ಸ್ಪಷ್ಟವಾಯಿತು.

ಮುಂದೆ ದಶಕಗಳ ಕಾಲ ಸರ್ಕಾರದ ಖಜಾನೆಯಲ್ಲಿ ಹಣ ಕಡಿಮೆಯಾದರೆ ರಿಸರ್ವ್ ಬ್ಯಾಂಕು ತಾನಾಗಿ ತುಂಬಿಕೊಡುವ 'ಅಡ್‌ಹಾಕ್' ಹುಂಡಿಯ ಏರ್ಪಾಡಿತ್ತು. ಅದು ನಿಂತದ್ದು 1997ರ ಏಪ್ರಿಲ್‌ನಲ್ಲಿ. 2016ರಲ್ಲಿ ಕಾನೂನು ತಿದ್ದುಪಡಿಯಾಗಿ ಬಡ್ಡಿದರದ ತೀರ್ಮಾನ ಆರು ಜನರ ಸಮಿತಿಗೆ ಬಂತು. ಮೂವರು ಬ್ಯಾಂಕಿನವರು, ಮೂವರು ಕೇಂದ್ರ ಸರ್ಕಾರ ನೇಮಿಸಿದವರು. ಹಣದುಬ್ಬರದ ಗುರಿ ಶೇ. 4, ಆಚೀಚೆ ಶೇ. 2ರಷ್ಟು ಸಡಿಲ.

ಈ ದೂರದಿಂದ ಏನು ಪ್ರಯೋಜನ? ತಾರೀಖುಗಳನ್ನು ಪಕ್ಕಪಕ್ಕ ಇಟ್ಟು ನೋಡಿ. 2017ರ ಜೂನ್‌ನಿಂದ ಪೆಟ್ರೋಲ್ ಬೆಲೆ ದಿನವೂ ಬದಲಾಗಬೇಕೆಂದಾಯಿತು. ಆದರೆ ನಮ್ಮ ವಿಧಾನಸಭೆಗೆ 2018ರ ಮೇ 12ರಂದು ಮತದಾನ ನಡೆಯುವ ಮುನ್ನ, ಏಪ್ರಿಲ್ 24ರಿಂದ ಬೆಲೆ ಕದಲಲೇ ಇಲ್ಲ. ಮೇ 14ರಿಂದ ಮತ್ತೆ ಏರತೊಡಗಿ ಎರಡು ವಾರಕ್ಕೂ ಮೀರಿ ದಿನವೂ ಏರಿತು. 2024ರ ಮಾರ್ಚ್‌ನಲ್ಲಿ ಲೋಕಸಭಾ ಚುನಾವಣೆಯ ವೇಳಾಪಟ್ಟಿ ಹೊರಬೀಳುವ ಹೊಸ್ತಿಲಲ್ಲಿ ಪೆಟ್ರೋಲ್ ಎರಡು ರೂಪಾಯಿ ಇಳಿಯಿತು. ಜೂನ್ 4ರಂದು ಫಲಿತಾಂಶ ಬಂತು. ಜೂನ್ 15ರಂದು ನಮ್ಮ ರಾಜ್ಯ ಸರ್ಕಾರ ತೆರಿಗೆ ಏರಿಸಿ, ಲೀಟರಿಗೆ ಸುಮಾರು ಮೂರು ರೂಪಾಯಿ ಹೆಚ್ಚಾಯಿತು. ಎರಡು ಕಡೆ ಎರಡು ಪಕ್ಷ, ಕ್ಯಾಲೆಂಡರ್ ಮಾತ್ರ ಒಂದೇ!

ಈಗ ರಿಸರ್ವ್ ಬ್ಯಾಂಕು ಇತರ ಬ್ಯಾಂಕುಗಳಿಗೆ ಅಲ್ಪಾವಧಿ ಸಾಲ ಕೊಡುವ ರೆಪೊ ದರ ನೋಡಿ. 2023ರ ಫೆಬ್ರವರಿಯಲ್ಲಿ ಶೇ. 6.5 ಆದದ್ದು 2025ರ ಫೆಬ್ರವರಿವರೆಗೂ ಅಲ್ಲೇ ನಿಂತಿತ್ತು. ನಡುವೆ ವಿಧಾನಸಭೆ, ಲೋಕಸಭೆ ಎರಡೂ ಚುನಾವಣೆ ಮುಗಿದವು. ಬ್ಯಾಂಕಿನ ಮೇಲೆ ಒತ್ತಡವೇ ಇಲ್ಲವೆಂದು ಇದರಿಂದ ಹೇಳಲಾಗದು. ಗವರ್ನರನ್ನು ನೇಮಿಸುವುದು ಕೇಂದ್ರ ಸರ್ಕಾರವೇ. ಸಾರ್ವಜನಿಕ ಹಿತಕ್ಕಾಗಿ ಬ್ಯಾಂಕಿಗೆ ನಿರ್ದೇಶನ ಕೊಡುವ ಅಧಿಕಾರವೂ ಕಾನೂನಿನಲ್ಲಿದೆ. ಆದರೂ ಗುರಿ ಬರೆದಿಟ್ಟು, ಸಮಿತಿಯ ಸದಸ್ಯರು ಯಾವ ಕಡೆ ಮತ ಹಾಕಿದರೆಂದು ಪ್ರಕಟಿಸಿದರೆ, ಕೈ ಚಾಚುವುದು ಅಷ್ಟು ಸುಲಭವಲ್ಲ.

ತಂದೆತಾಯಂದಿರಿಗೆ ಇದು ದೂರದ ಮಾತಲ್ಲ. ಮಗಳ ಇಂಜಿನಿಯರಿಂಗ್ ಸಾಲದ ಕಂತು ಇದಕ್ಕೆ ಕಟ್ಟಿಬಿದ್ದಿದೆ. ಅಜ್ಜನ ಠೇವಣಿಯ ಬಡ್ಡಿಯೂ ಹಾಗೆಯೇ. ಕಂತು ಇಳಿದಾಗ ಸಂತೋಷಪಡುವ ನಾವು, ಬೆಲೆಯೇರಿಕೆ ಅಜ್ಜನ ಬಡ್ಡಿಯನ್ನು ತಿಂದದ್ದನ್ನು ಲೆಕ್ಕ ಹಾಕುವುದಿಲ್ಲ.

ಮಕ್ಕಳೇ, ಒಂದು ಗ್ರಾಫ್ ಹಾಳೆ ತೆಗೆದುಕೊಳ್ಳಿ. ಅಡ್ಡಕ್ಕೆ ತಿಂಗಳು, ಉದ್ದಕ್ಕೆ ಪೆಟ್ರೋಲ್ ಬೆಲೆ. ಮತದಾನದ ದಿನಗಳಿಗೆ ಕೆಂಪು ಗೆರೆ ಎಳೆಯಿರಿ. ಇನ್ನೊಂದು ಹಾಳೆಯಲ್ಲಿ ರೆಪೊ ದರಕ್ಕೂ ಹೀಗೆಯೇ ಮಾಡಿ. ಒಂದೆರಡು ಬಿಂದು ನೋಡಿ ತೀರ್ಪು ಕೊಡಬೇಡಿ, ವರ್ಷಗಟ್ಟಲೆ ಗುರುತು ಹಾಕಿ. ಹದಿನೆಂಟು ತುಂಬಿ ಮತಗಟ್ಟೆಗೆ ಹೋಗುವ ಹೊತ್ತಿಗೆ, ಉರಿಯನ್ನಷ್ಟೇ ಅಲ್ಲ, ಹಂಡೆಯ ನೀರನ್ನೂ ಮುಟ್ಟಿ ನೋಡುವ ಅಭ್ಯಾಸ ನಿಮಗಾಗಿರುತ್ತದೆ.