ಕೌಂಟರಿನ ಕಂಪ್ಯೂಟರ್ ನಮಗೆ ಬೆನ್ನು ತೋರಿಸಿದ್ದು ಸಾಕು

ಸರ್ಕಾರಿ ಕೆಲಸಕ್ಕೆ ಕನಕಪುರಕ್ಕೆ ಬಂದು ಯಾವುದಾದರೂ ಕೌಂಟರ್ ಮುಂದೆ ನಿಂತಿದ್ದೀರಾ? ನಿಂತೇ ಇರುತ್ತೀರಿ. ನಿಮಗೆ ಅಲ್ಲಿ ಏನು ಕಾಣಿಸಿತು? ಒಂದು ಗಾಜು, ಅದರಲ್ಲಿ ಒಂದು ತೂತು, ಅದರ ಹಿಂದೆ ಒಂದು ಮಾನಿಟರಿನ ಬೆನ್ನು, ನೇತಾಡುವ ನಾಲ್ಕು ವೈರು. ಒಳಗಿನಿಂದ ಟಕಟಕ ಸದ್ದು. ಆ ಸದ್ದಿನಲ್ಲಿ ನಿಮ್ಮ ಹೆಸರು, ನಿಮ್ಮ ಅಪ್ಪನ ಹೆಸರು, ಸರ್ವೆ ನಂಬರು, ಹುಟ್ಟಿದ ತಾರೀಕು ಎಲ್ಲಾ ಕಂಪ್ಯೂಟರಿಗೆ ಹೋಗುತ್ತಿರುತ್ತದೆ. ಸರಿಯಾಗಿ ಹೋಗುತ್ತಿದೆಯೋ ಇಲ್ಲವೋ ನಿಮಗೆ ಗೊತ್ತಿಲ್ಲ. 'ಆಯ್ತು, ಮೆಸೇಜ್ ಬರುತ್ತೆ ಹೋಗಿ' ಅಂದರೆ ಹೋಗಬೇಕು.

ಒಂದು ತಿಂಗಳು ಬಿಟ್ಟು ಮೆಸೇಜ್ ಬರುತ್ತದೆ. ಹೆಸರು ತಾಳೆಯಾಗಿಲ್ಲ. ಮತ್ತೆ ಬನ್ನಿ.

ನಾವು ಈ ಬರಹದಲ್ಲಿ ಕೇಳುತ್ತಿರುವುದು ಒಂದೇ. ನಮ್ಮ ಹೆಸರು ಟೈಪ್ ಮಾಡುವ ಪ್ರತಿ ಕೌಂಟರಿನಲ್ಲೂ ನಮ್ಮ ಕಡೆಗೆ ಮುಖ ಮಾಡಿದ ಇನ್ನೊಂದು ಪರದೆ ಇರಬೇಕು. ಇದು ಉಪಕಾರ ಅಲ್ಲ, ನಮ್ಮ ಹಕ್ಕು. ಇದಕ್ಕೆ ದೊಡ್ಡ ಯೋಜನೆ, ಟೆಂಡರು, ಉದ್ಘಾಟನೆ ಯಾವುದೂ ಬೇಕಿಲ್ಲ. ಒಂದು ಹಳೆಯ ಮಾನಿಟರ್ ಮತ್ತು ಅಂಗೈಯಲ್ಲಿ ಹಿಡಿಸುವ ಒಂದು ಯುಎಸ್‌ಬಿ ಅಡಾಪ್ಟರ್ ಸಾಕು.

ಒಂದು ಅಕ್ಷರದ ಬೆಲೆ

ಒಂದು ಅಕ್ಷರ ತಪ್ಪಾದರೆ ಏನಂತೆ ಅಂತ ಕೇಳುವವರು ಪೇಟೆಯವರು. ನಮ್ಮ ಕಡೆ ಆ ಮಾತು ನಡೆಯುವುದಿಲ್ಲ.

ನಮ್ಮ ತಾಲ್ಲೂಕಿನಲ್ಲಿ ಕಬ್ಬಾಳಮ್ಮ ದೇವಿಯ ಹೆಸರಿಟ್ಟುಕೊಂಡ ಹೆಣ್ಣುಮಕ್ಕಳು ಎಷ್ಟಿಲ್ಲ. ಇಂಗ್ಲಿಷಿನಲ್ಲಿ ಬರೆಯುವಾಗ 'ಲ'ಗೂ 'ಳ'ಗೂ ಒಂದೇ ಅಕ್ಷರ. ಅದನ್ನು ಯಂತ್ರ ಮತ್ತೆ ಕನ್ನಡಕ್ಕೆ ತಿರುಗಿಸಿದಾಗ ಕಬ್ಬಾಳಮ್ಮ ಹೋಗಿ ಕಬ್ಬಲಮ್ಮ ಆಗುತ್ತಾರೆ. ಪಹಣಿಯಲ್ಲಿ ಒಂದು, ರೇಷನ್ ಕಾರ್ಡಿನಲ್ಲಿ ಇನ್ನೊಂದು, ಆಧಾರ್‌ನಲ್ಲಿ ಮತ್ತೊಂದು. ಮನುಷ್ಯರು ನೋಡಿದರೆ ಒಬ್ಬರೇ ಹೆಂಗಸು. ಕಂಪ್ಯೂಟರ್ ನೋಡಿದರೆ ಮೂವರು. ಆಮೇಲೆ ಪಿಎಂ ಕಿಸಾನ್ ಹಣ ನಿಂತಿತು, ಗೃಹಲಕ್ಷ್ಮಿಯ 2,000 ರೂಪಾಯಿ ಬರಲಿಲ್ಲ ಅಂತ ಅಲೆಯುವವರು ಅವರೇ, ಟೈಪ್ ಮಾಡಿದವರಲ್ಲ.

ಆಧಾರ್ ವಿಷಯ ಇನ್ನೂ ಗಟ್ಟಿ. ಅದರ ನಿಯಮದಂತೆ ಹೆಸರನ್ನು ಜೀವಮಾನದಲ್ಲಿ ಎರಡು ಸಲ ಮಾತ್ರ ತಿದ್ದಿಸಬಹುದು. ಹುಟ್ಟಿದ ತಾರೀಕನ್ನು ಒಂದೇ ಸಲ. ಅಂದರೆ ನಿಮ್ಮ ಕಣ್ಣಿಗೆ ಬೀಳದ ಪರದೆಯಲ್ಲಿ ಇನ್ಯಾರೋ ಮಾಡಿದ ತಪ್ಪಿಗೆ ನಿಮ್ಮ ಎರಡು ಅವಕಾಶಗಳಲ್ಲಿ ಒಂದು ಖರ್ಚು.

ಉಯ್ಯಂಬಳ್ಳಿ, ಕೋಡಿಹಳ್ಳಿ ಕಡೆಯಿಂದ ಕನಕಪುರಕ್ಕೆ ಬಂದು ಹೋದರೆ ಒಂದು ದಿನ ಮುಗಿಯಿತು. ಶಕ್ತಿ ಯೋಜನೆಯಲ್ಲಿ ಹೆಂಗಸರಿಗೆ ಟಿಕೆಟ್ ಇಲ್ಲ, ನಿಜ. ಆದರೆ ಆ ದಿನದ ಕೂಲಿಯೂ ಇಲ್ಲ. 2025-26ರಲ್ಲಿ ಕರ್ನಾಟಕದ ನರೇಗಾ ಕೂಲಿ ದಿನಕ್ಕೆ 370 ರೂಪಾಯಿ. ಒಂದು ಅಕ್ಷರ ತಿದ್ದಿಸಲು ಮೂರು ದಿನ ಓಡಾಡಿದರೆ 1,110 ರೂಪಾಯಿ ಹೋಯಿತು. ಮನೆಯಲ್ಲಿ ಹುಳು ನಾಲ್ಕನೇ ಜ್ವರ ಎದ್ದು ಸೊಪ್ಪಿಗೆ ಬಾಯಿ ಬಿಡುತ್ತಿದ್ದರೆ ಆ ನಷ್ಟದ ಲೆಕ್ಕ ಬೇರೆ.

ಇದು ಹೊಸ ಬೇಡಿಕೆ ಅಲ್ಲ

ಇದನ್ನು ಕೇಳಿದರೆ ಕೆಲವರು 'ಅಮೆರಿಕಾದ ಮಾತು ಆಡ್ತೀರಲ್ಲಾ' ಅಂತ ನಗುತ್ತಾರೆ. ಸ್ವಾಮಿ, ಇದು ಅಮೆರಿಕಾದ್ದಲ್ಲ, ಕರ್ನಾಟಕದ್ದೇ.

2001ರ ಸುಮಾರಿಗೆ 'ಭೂಮಿ' ಯೋಜನೆ ಬಂದಾಗ ಕನಕಪುರ ಇನ್ನೂ ಬೆಂಗಳೂರು ಗ್ರಾಮಾಂತರ ಜಿಲ್ಲೆಯಲ್ಲಿತ್ತು. ರಾಮನಗರ ಜಿಲ್ಲೆ ಆಗಿದ್ದು 2007ರಲ್ಲಿ. ರಾಜ್ಯದ ಸುಮಾರು 67 ಲಕ್ಷ ರೈತರ 2 ಕೋಟಿಯಷ್ಟು ಪಹಣಿಗಳು ಕಂಪ್ಯೂಟರಿಗೆ ಹೋದವು. 15 ರೂಪಾಯಿ ಕೊಟ್ಟರೆ ಪಹಣಿ ಕೈಗೆ. ಇಷ್ಟು ಎಲ್ಲರಿಗೂ ನೆನಪಿದೆ.

ಮರೆತಿರುವುದು ಇನ್ನೊಂದು. ಆ ಭೂಮಿ ಕೇಂದ್ರದ ಯೋಜನೆಯಲ್ಲೇ ಎರಡು ಪರದೆಗಳಿದ್ದವು. ಒಂದರ ಬೆನ್ನಿಗೆ ಇನ್ನೊಂದು. ಒಂದು ಸಿಬ್ಬಂದಿ ಕಡೆಗೆ, ಇನ್ನೊಂದು ರೈತನ ಕಡೆಗೆ. ಒಳಗೆ ಏನು ನಡೆಯುತ್ತಿದೆ ಎಂದು ಹೊರಗೆ ನಿಂತವನು ನೋಡಲಿ ಎಂಬುದೇ ಅದರ ಉದ್ದೇಶ. ದೇಶ ವಿದೇಶದಲ್ಲಿ ಭೂಮಿ ಯೋಜನೆಯನ್ನು ಹೊಗಳಿ ಬರೆದವರು ಈ ಎರಡನೇ ಪರದೆಯನ್ನೂ ಹೊಗಳಿದರು.

ಆಧಾರ್ ನೋಂದಣಿಗೂ ಇದೇ ನಿಯಮ. ನೋಂದಣಿ ಕೇಂದ್ರದಲ್ಲಿ ಏನೇನು ಸಾಮಾನು ಇರಬೇಕು ಎಂಬ ಪ್ರಾಧಿಕಾರದ ಪಟ್ಟಿಯಲ್ಲಿ, ಬಂದವರು ತಮ್ಮ ವಿವರ ನೋಡಿಕೊಳ್ಳಲು ಪ್ರತ್ಯೇಕ ಮಾನಿಟರ್ ಇರಬೇಕು ಎಂದಿದೆ. ಇದ್ದರೆ ಒಳ್ಳೆಯದು ಅಂತಲ್ಲ, ಇರಲೇಬೇಕು ಅಂತ.

ಹಾಗಾದರೆ 25 ವರ್ಷದ ಹಿಂದೆ ರೈತನಿಗೆ ಕೊಟ್ಟಿದ್ದ ಪರದೆ ಎಲ್ಲಿ ಹೋಯಿತು? ನಾವು ನಿಂತ ಸಾಲುಗಳಲ್ಲಿ ಹೆಚ್ಚಿನ ಕಡೆ ಕಂಡಿಲ್ಲ. ಒಂದು ಕಡೆ ಎರಡನೇ ಮಾನಿಟರ್ ಇತ್ತು. ಆದರೆ ಆರಿಹೋಗಿತ್ತು, ಮೇಲೆ ಫೈಲು ಪೇರಿಸಿದ್ದರು. ಕೇಳಿದ್ದಕ್ಕೆ 'ಹೊಸ ಸಿಸ್ಟಮ್‌ನಲ್ಲಿ ಅದಕ್ಕೆ ಪೋರ್ಟ್ ಇಲ್ಲ' ಅಂದರು.

ನಮ್ಮ ಈ ಬರಹ ಹುಟ್ಟಿದ್ದೇ ಆ ಮಾತಿನಿಂದ.

'ಪೋರ್ಟ್ ಇಲ್ಲ' ಎಂಬ ನೆಪ

ಕಂಪ್ಯೂಟರಿಗೆ ಮಾನಿಟರ್ ಜೋಡಿಸುವ ಕಿಂಡಿಗೆ ಪೋರ್ಟ್ ಅನ್ನುತ್ತಾರೆ. ಹಳೆಯದು ವಿಜಿಎ, ಹೊಸದು ಎಚ್‌ಡಿಎಂಐ. ಬಹಳಷ್ಟು ಡೆಸ್ಕ್‌ಟಾಪ್‌ಗಳಲ್ಲಿ ಎರಡೂ ಇರುತ್ತವೆ. ಒಂದರಲ್ಲಿ ಸಿಬ್ಬಂದಿಯ ಮಾನಿಟರ್ ಇದ್ದರೆ ಇನ್ನೊಂದು ಖಾಲಿ. ಅಂಥ ಕಡೆ ಅಡಾಪ್ಟರ್ ಕೂಡ ಬೇಡ, ಒಂದು ಕೇಬಲ್ ಸಾಕು.

ಒಂದೇ ಪೋರ್ಟ್ ಇದ್ದರೆ? ಅಲ್ಲಿಗೆ ಬರುವುದು ಯುಎಸ್‌ಬಿ ಅಡಾಪ್ಟರ್. ಪೆನ್‌ಡ್ರೈವ್ ಹಾಕುವ ಕಿಂಡಿಗೆ ಒಂದು ತುದಿ, ಇನ್ನೊಂದು ತುದಿಗೆ ಮಾನಿಟರ್ ಕೇಬಲ್.

ಕೆಲಸ ಹೀಗೆ ಮಾಡುತ್ತದೆ. ಸಾಮಾನ್ಯ ಫುಲ್ ಎಚ್‌ಡಿ ಪರದೆಯಲ್ಲಿ ಅಡ್ಡಕ್ಕೆ 1920, ಉದ್ದಕ್ಕೆ 1080 ಚುಕ್ಕಿಗಳು. ಒಟ್ಟು 20 ಲಕ್ಷಕ್ಕೂ ಹೆಚ್ಚು. ಅಷ್ಟನ್ನೂ ಸೆಕೆಂಡಿಗೆ 60 ಸಲ ಕಳಿಸಬೇಕೆಂದರೆ ಸುಮಾರು 300 ಕೋಟಿ ಬಿಟ್ ಹರಿಯಬೇಕು. ಹಳೆಯ ಯುಎಸ್‌ಬಿ 2.0 ಸೆಕೆಂಡಿಗೆ ಹೆಚ್ಚೆಂದರೆ 48 ಕೋಟಿ ಬಿಟ್ ಸಾಗಿಸುತ್ತದೆ. ಒಳಭಾಗ ನೀಲಿ ಬಣ್ಣದಲ್ಲಿ ಬರುವ ಯುಎಸ್‌ಬಿ 3.0 ಆದರೆ 500 ಕೋಟಿ. ಹಾಗಾಗಿ ಕಂಪ್ಯೂಟರಿನಲ್ಲಿ ಹಾಕಿದ ಡ್ರೈವರ್ ಎಂಬ ತಂತ್ರಾಂಶ ಚಿತ್ರವನ್ನು ಕುಗ್ಗಿಸಿ ಕಳಿಸುತ್ತದೆ, ಅಡಾಪ್ಟರಿನೊಳಗಿನ ಚಿಪ್ ಅದನ್ನು ಬಿಚ್ಚಿ ಮಾನಿಟರಿಗೆ ಕೊಡುತ್ತದೆ. ಡಿಸ್‌ಪ್ಲೇಲಿಂಕ್ ಎಂಬ ಕಂಪನಿಯ ಚಿಪ್ ಈ ಕೆಲಸಕ್ಕೇ ಹೆಸರಾದದ್ದು.

ಇದಕ್ಕೆ ಮಿತಿಗಳಿವೆ, ಮುಚ್ಚಿಡುವುದಿಲ್ಲ. ಸಿನಿಮಾ ನೋಡಲು, ಗೇಮ್ ಆಡಲು ಇದು ಅಷ್ಟಕ್ಕಷ್ಟೇ. ಕಂಪ್ಯೂಟರಿನ ಶಕ್ತಿಯನ್ನೂ ಸ್ವಲ್ಪ ತಿನ್ನುತ್ತದೆ. ಆದರೆ ಅರ್ಜಿ ನಮೂನೆ ಸಿನಿಮಾ ಅಲ್ಲವಲ್ಲ. ಅಕ್ಷರ ಟೈಪ್ ಮಾಡಿದಷ್ಟು ಜಾಗ ಮಾತ್ರ ಬದಲಾಗುತ್ತದೆ, ಉಳಿದದ್ದು ನಿಂತಲ್ಲೇ ನಿಂತಿರುತ್ತದೆ. ಈ ಕೆಲಸಕ್ಕೆ ಅದು ಧಾರಾಳ.

ಕೊಳ್ಳುವಾಗ ಒಂದು ಎಚ್ಚರ. ಟೈಪ್-ಸಿ ಕಿಂಡಿಗೆ ಹಾಕುವ ಅಗ್ಗದ ಅಡಾಪ್ಟರುಗಳಲ್ಲಿ ಹಲವು, ಆ ಕಿಂಡಿ ಸ್ವತಃ ಚಿತ್ರ ಕಳಿಸುವಂಥದ್ದಾದರೆ ಮಾತ್ರ ಕೆಲಸ ಮಾಡುತ್ತವೆ. ನೋಡದೆ ತಂದರೆ ದುಡ್ಡು ದಂಡ. ಇನ್ನೊಂದು, ಡ್ರೈವರ್ ಹಾಕಲು ಕಚೇರಿ ಕಂಪ್ಯೂಟರಿನಲ್ಲಿ ಮೇಲಿನವರ ಅನುಮತಿ ಬೇಕಾಗಬಹುದು. ಆದ್ದರಿಂದ ಕೌಂಟರಿನ ಹುಡುಗನ ಮೇಲೆ ಕೂಗಾಡಿ ಫಲವಿಲ್ಲ. ಆದೇಶ ಮೇಲಿನಿಂದ ಬರಬೇಕು.

ಖರ್ಚು? ಸಾದಾ ಅಡಾಪ್ಟರ್ ಒಂದೆರಡು ಸಾವಿರದ ಆಸುಪಾಸು, ಒಳ್ಳೆಯದು ಇನ್ನೂ ಸ್ವಲ್ಪ ಮೇಲೆ. ಹಳೆಯ ಮಾನಿಟರುಗಳು ಕಚೇರಿಗಳ ಮೂಲೆಯಲ್ಲೇ ಧೂಳು ತಿನ್ನುತ್ತಿವೆ. ಒಬ್ಬ ಹೆಂಗಸು ಮೂರು ದಿನ ಓಡಾಡಿ ಕಳೆದುಕೊಂಡ 1,110 ರೂಪಾಯಿ ಪಕ್ಕ ಇದನ್ನು ಇಟ್ಟು ನೋಡಿ. ಈಗಲೂ ಖರ್ಚು ಆಗುತ್ತಲೇ ಇದೆ. ನಮ್ಮ ಜೇಬಿನಿಂದ ಆಗುತ್ತಿದೆ, ಅಷ್ಟೇ ವ್ಯತ್ಯಾಸ.

ಅವರು ಹೇಳುವ ಮಾತುಗಳು

'ಬೇರೆಯವರ ವಿವರ ಎಲ್ಲರಿಗೂ ಕಾಣುತ್ತದೆ.' ಈ ಮಾತಿನಲ್ಲಿ ಹುರುಳಿದೆ. ಸಿಬ್ಬಂದಿಯ ಪರದೆಯನ್ನು ಹಾಗೇ ನಕಲು ಮಾಡಿ ತೋರಿಸಿದರೆ ಹಿಂದಿನವರ ಆಧಾರ್ ನಂಬರೂ ಕಾಣಬಹುದು. ಆದರೆ ಅದಕ್ಕೂ ದಾರಿ ಇದೆ. ವಿಂಡೋಸ್ ಕಂಪ್ಯೂಟರಿನಲ್ಲಿ ವಿಂಡೋಸ್ ಕೀ ಜೊತೆ 'ಪಿ' ಒತ್ತಿದರೆ ನಕಲು ಮಾಡಬೇಕೋ, ವಿಸ್ತರಿಸಬೇಕೋ ಅಂತ ಕೇಳುತ್ತದೆ. ವಿಸ್ತರಿಸಿದರೆ ಎರಡೂ ಪರದೆ ಬೇರೆ ಬೇರೆ. ನಿಮ್ಮ ಅರ್ಜಿಯನ್ನು ಮಾತ್ರ ನಿಮ್ಮ ಕಡೆಗೆ ಎಳೆದು ತೋರಿಸಬಹುದು, ಉಳಿದದ್ದು ಅವರ ಕಡೆಗೇ ಇರುತ್ತದೆ. ಪರದೆಯನ್ನು ಸಾಲಿನ ಕಡೆಗೆ ತಿರುಗಿಸದೆ, ಮುಂದೆ ನಿಂತ ಒಬ್ಬರಿಗೇ ಕಾಣುವಂತೆ ಇಟ್ಟರಾಯಿತು.

'ಸಾಲು ಬೆಳೆಯುತ್ತದೆ.' ಇಲ್ಲ. ನೋಡಿ 'ಸರಿ' ಅನ್ನಲು ಒಂದು ನಿಮಿಷ. ತಪ್ಪಾದ ಮೇಲೆ ಅದೇ ಮನುಷ್ಯ ಮೂರು ಸಲ ಅದೇ ಸಾಲಿಗೆ ಬರುತ್ತಾನೆ. ಸಾಲು ಬೆಳೆಸುತ್ತಿರುವುದು ಯಾವುದು ಅಂತ ನೀವೇ ಹೇಳಿ.

'ಹಳ್ಳಿಯವರಿಗೆ ಓದಲು ಬರುವುದಿಲ್ಲ.' ಈ ಮಾತು ಕೇಳಿದಾಗ ನಮಗೆ ಸಿಟ್ಟು ಬರುತ್ತದೆ. ಈ ಬರಹವನ್ನು ಮೊಬೈಲಿನಲ್ಲಿ ಓದುತ್ತಿರುವವರು ಯಾರು? ಓದು ಬಾರದ ಅಜ್ಜಿಯ ಜೊತೆ ಮೊಮ್ಮಗಳು ಬಂದಿರುತ್ತಾಳೆ. ಯಾರೂ ಇಲ್ಲದಿದ್ದರೆ ಆಪರೇಟರೇ ಗಟ್ಟಿಯಾಗಿ ಓದಿ ಹೇಳಲಿ. ಡೇರಿಯಲ್ಲಿ ಹಾಲು ಹಾಕುವಾಗ ಲೀಟರ್ ಎಷ್ಟು, ಫ್ಯಾಟ್ ಎಷ್ಟು ಅಂತ ನಮ್ಮ ಹೆಂಗಸರು ನೋಡದೆ ಬರುತ್ತಾರೆಯೇ? ಪೆಟ್ರೋಲ್ ಬಂಕಿನಲ್ಲಿ ಸೊನ್ನೆ ನೋಡಿಕೊಳ್ಳುತ್ತೇವೆ. ಗೂಡಿನ ಮಾರ್ಕೆಟ್ಟಿನಲ್ಲಿ ತಕ್ಕಡಿಯ ಅಂಕಿಯ ಮೇಲೆ ಕಣ್ಣಿಟ್ಟೇ ನಿಲ್ಲುತ್ತೇವೆ. ಹಾಲಿಗೆ, ಎಣ್ಣೆಗೆ, ಗೂಡಿಗೆ ಇರುವ ಮರ್ಯಾದೆ ನಮ್ಮ ಹೆಸರಿಗೆ ಇಲ್ಲವೇ?

ಆಪರೇಟರ್ ನಮ್ಮ ಶತ್ರು ಅಲ್ಲ

ನಮ್ಮಲ್ಲಿ ಇಬ್ಬರು ಇಂಥ ಸೇವಾ ಕೇಂದ್ರದಲ್ಲಿ ಕೂತು ಟೈಪ್ ಮಾಡಿದವರೇ. ಸರ್ವರ್ ತೆವಳುತ್ತಿರುತ್ತದೆ, ಹೊರಗೆ ಜನ ಬೈಯುತ್ತಿರುತ್ತಾರೆ, ಗಾಜಿನಾಚೆಯಿಂದ ಹೇಳಿದ ಹೆಸರು ಅರ್ಧ ಕೇಳಿಸುತ್ತದೆ. ತಪ್ಪು ಆಗಿಯೇ ಆಗುತ್ತದೆ. ಎರಡನೇ ಪರದೆ ಇದ್ದರೆ ಅವರ ತಲೆ ಮೇಲಿನ ಭಾರವೂ ಇಳಿಯುತ್ತದೆ. 'ನೀವೇ ನೋಡಿ ಒಪ್ಪಿದ್ದಲ್ಲವಾ' ಅನ್ನಬಹುದು.

ಗ್ರಾಮೀಣ ಪತ್ರಿಕೋದ್ಯಮ ಓದುವಾಗ ನಮಗೆ ಕಲಿಸಿದ ಮೊದಲ ಪಾಠವೇ ಇದು. ಹೆಸರು ಬರೆದುಕೊಂಡ ಮೇಲೆ ಅವರ ಮುಂದೆಯೇ ಓದಿ ಹೇಳಿ. ನಾಳೆ ರದ್ದಿಯಾಗುವ ಪೇಪರಿಗೇ ಈ ನಿಯಮ ಇರುವಾಗ ತಲೆಮಾರು ಉಳಿಯುವ ದಾಖಲೆಗೆ ಬೇಡವೇ?

ನಮ್ಮ ಜಿಲ್ಲೆಯ ಹೆಸರನ್ನು ಬೆಂಗಳೂರು ದಕ್ಷಿಣ ಎಂದು ಬದಲಿಸಲು 2025ರ ಮೇ ತಿಂಗಳ ಒಂದು ಸಂಪುಟ ಸಭೆ ಸಾಕಾಯಿತು. ಕಬ್ಬಾಳಮ್ಮನ ಹೆಸರಿನ ಒಂದು 'ಳ' ಸರಿಯಾಗಲು ಇನ್ನೆಷ್ಟು ಬಸ್ಸು ಹತ್ತಬೇಕು?

ಈಗ ಏನು ಮಾಡೋಣ

ಪರದೆ ಬರುವವರೆಗೆ ಸುಮ್ಮನೆ ಕೂರುವುದು ಬೇಡ.

ನಿಮ್ಮ ಹೆಸರು, ತಂದೆ ಅಥವಾ ಗಂಡನ ಹೆಸರು, ಹುಟ್ಟಿದ ತಾರೀಕನ್ನು ಕನ್ನಡ, ಇಂಗ್ಲಿಷ್ ಎರಡರಲ್ಲೂ ದೊಡ್ಡ ಅಕ್ಷರದಲ್ಲಿ ಚೀಟಿ ಬರೆದು ಒಳಗೆ ಕೊಡಿ. ಬಾಯಲ್ಲಿ ಹೇಳಬೇಡಿ.

ಸಬ್‌ಮಿಟ್ ಒತ್ತುವ ಮುಂಚೆ 'ಒಂದು ಸಲ ಸ್ಕ್ರೀನ್ ಈ ಕಡೆ ತಿರುಗಿಸಿ' ಅಂತ ಕೇಳಿ. ಜಗಳ ಬೇಡ, ಆದರೆ ಬಿಡಲೂ ಬೇಡ.

ಸ್ವೀಕೃತಿ ಚೀಟಿಯನ್ನು ಕೌಂಟರ್ ಬಿಡುವ ಮುಂಚೆಯೇ ಓದಿ. ಸಕಾಲ ವ್ಯಾಪ್ತಿಯ ಸೇವೆಯಾದರೆ ಅದರ ನಂಬರನ್ನು ಬರೆದಿಟ್ಟುಕೊಳ್ಳಿ.

ಮುಂದಿನ ಗ್ರಾಮಸಭೆಯಲ್ಲಿ ಒಂದು ಸಾಲಿನ ಠರಾವು ಕೇಳಿ: ನಮ್ಮ ಪಂಚಾಯ್ತಿಯ ಕೌಂಟರಿಗೆ ಜನರ ಕಡೆ ಒಂದು ಪರದೆ. ತಾಲ್ಲೂಕು ಮಟ್ಟದ ಕಚೇರಿಗಳಿಗೆ ಮಾಹಿತಿ ಹಕ್ಕಿನಲ್ಲಿ 10 ರೂಪಾಯಿ ಶುಲ್ಕ ಕಟ್ಟಿ ಎರಡೇ ಪ್ರಶ್ನೆ ಕೇಳಿ. ನಿಮ್ಮಲ್ಲಿ ಎಷ್ಟು ಕೌಂಟರ್? ಅದರಲ್ಲಿ ಎಷ್ಟಕ್ಕೆ ಜನರ ಕಡೆ ಪರದೆ ಇದೆ? ನಾವೂ ಕೇಳುತ್ತೇವೆ. ಬಂದ ಉತ್ತರವನ್ನು ಇಲ್ಲೇ ಹಾಕುತ್ತೇವೆ.

ಭೂಮಿ ಯೋಜನೆ ಬಂದಾಗ ನಮ್ಮ ಅಪ್ಪಂದಿರ ಮುಂದೆ ಒಂದು ಪರದೆ ಇಟ್ಟಿದ್ದರು. ನಾವು ಅದಕ್ಕಿಂತ ಹೆಚ್ಚಿನದು ಏನನ್ನೂ ಕೇಳುತ್ತಿಲ್ಲ. ಅದನ್ನು ವಾಪಸ್ ಇಡಿ, ನಮ್ಮ ಕಡೆಗೆ ತಿರುಗಿಸಿ, ಸ್ವಿಚ್ ಹಾಕಿ.