ಸುಳ್ಳು ಪೆಟ್ಟು

ಆಟದ ಬಯಲಿನಲ್ಲಿ ಒಬ್ಬನು ಕಾಲು ಹಿಡಿದುಕೊಂಡು ನೆಲಕ್ಕೆ ಬಿದ್ದನೆಂದರೆ ನೋಡುವವರ ಬಾಯಿಂದ ಮೊದಲು ಹೊರಡುವ ಮಾತು ‘ಅಯ್ಯೋ’ ಎಂಬುದು. ಅವನು ನಮ್ಮವನೋ ಎದುರಾಳಿಯೋ ಎಂಬ ವಿಚಾರ ಆಮೇಲಿನದು. ಈ ‘ಅಯ್ಯೋ’ ಎಂಬುದನ್ನೇ ಬಂಡವಾಳ ಮಾಡಿಕೊಂಡು ಪಂದ್ಯ ಗೆಲ್ಲಬಹುದೆಂದು ಕಂಡುಕೊಂಡವರಿದ್ದಾರೆ. ಅವರ ಯುಕ್ತಿ ಸರಿಯೇ ತಪ್ಪೇ ಎಂಬುದನ್ನು ನನ್ನ ಸಹಪಾಠಿಗಳ ಹಾಗೂ ಗುರುಗಳ ಮುಂದಿಟ್ಟು ವಿಚಾರಿಸುವುದೇ ಈ ಲೇಖನದ ಉದ್ದೇಶ. ಈ ವಿಷಯದಲ್ಲಿ ಮಾತನಾಡಲು ನಿನಗೇನು ಅಧಿಕಾರವೆಂದು ಯಾರಾದರೂ ಕೇಳಬಹುದು. ಅಧಿಕಾರವುಂಟು, ಆದರೆ ಅದು ಹೆಮ್ಮೆಪಡುವಂಥದಲ್ಲ. ಅದನ್ನು ಮುಂದೆ ಹೇಳುವೆನು.

ಈ ಯುಕ್ತಿ ಹುಲುಸಾಗಿ ಬೆಳೆದಿರುವುದು ಅಮೆರಿಕದ ಫುಟ್‌ಬಾಲಿನಲ್ಲಿ. ಅದು ನಾವು ಕಾಲಿನಿಂದ ಒದ್ದು ಆಡುವ ಫುಟ್‌ಬಾಲ್ ಅಲ್ಲ. ಮೊಟ್ಟೆಯಾಕಾರದ ಚೆಂಡನ್ನು ಕೈಯಲ್ಲಿ ಹಿಡಿದು ಓಡುವ, ಎಸೆಯುವ, ಎದುರಿಗೆ ಬಂದವನನ್ನು ಅಪ್ಪಳಿಸಿ ಕೆಡಹುವ ಆಟ. ಒಂದೊಂದು ಪಕ್ಷಕ್ಕೆ ಹನ್ನೊಂದು ಜನ. ಚೆಂಡು ಹಿಡಿದ ಪಕ್ಷಕ್ಕೆ ನಾಲ್ಕು ಅವಕಾಶ. ಅಷ್ಟರಲ್ಲಿ 10 ಗಜ ಮುಂದೆ ಸಾಗಿದರೆ ಮತ್ತೆ ನಾಲ್ಕು. ಒಂದು ಅವಕಾಶ ಮುಗಿದು ಇನ್ನೊಂದು ಮೊದಲಾಗುವ ನಡುವೆ ಕೆಲವು ಸೆಕೆಂಡುಗಳ ಬಿಡುವು. ವಾಡಿಕೆಯಂತೆ ಆಗ ದಾಳಿಯ ಪಕ್ಷದವರು ಗುಂಪುಗೂಡಿ, ತಲೆಗೆ ತಲೆ ಹಚ್ಚಿ, ಮುಂದಿನ ಹಂಚಿಕೆಯನ್ನು ಪಿಸುಗುಟ್ಟಿಕೊಳ್ಳುವರು. ಅಷ್ಟರಲ್ಲಿ ರಕ್ಷಣೆಯ ಪಕ್ಷದವರೂ ಉಸಿರು ತೆಗೆದುಕೊಳ್ಳುವರು. ದಣಿದವನನ್ನು ಹೊರಗೆ ಕಳುಹಿಸಿ ಹೊಸಬನನ್ನು ಒಳಗೆ ಕರೆದುಕೊಳ್ಳುವರು.

ಹೀಗೆ ಗುಂಪುಗೂಡುವುದನ್ನೇ ಬಿಟ್ಟರೆ ಹೇಗೆ ಎಂದು ಕೆಲವು ತರಬೇತುದಾರರು ಯೋಚಿಸಿದರು. 1980ರ ದಶಕದ ಕೊನೆಯಲ್ಲಿ ಸಿನ್ಸಿನಾಟಿ ತಂಡದ ಸ್ಯಾಮ್ ವೈಚ್ ಅವರು, 2009ರಿಂದ 2012ರವರೆಗೆ ಆರೆಗಾನ್ ವಿಶ್ವವಿದ್ಯಾಲಯದ ತಂಡವನ್ನು ನಡೆಸಿದ ಚಿಪ್ ಕೆಲ್ಲಿ ಅವರು ಈ ವೇಗದ ಆಟಕ್ಕೆ ಹೆಸರಾದವರು. ಒಂದು ಅವಕಾಶ ಮುಗಿಯುವುದೇ ತಡ, ಅವರ ಆಟಗಾರರು ಮತ್ತೆ ಸಾಲುಗಟ್ಟಿ ನಿಂತುಬಿಡುವರು. ಎದುರಿಗೆ ನೂರ ಮೂವತ್ತು ಕಿಲೋ ತೂಗುವ ದೈತ್ಯರು ಏದುಸಿರು ಬಿಡುತ್ತಿರುವರು; ಅವರಿಗೆ ಆಳು ಬದಲಿಸಲೂ ಸಮಯ ಸಿಗದು. ನಿಯಮದಂತೆ ಒಂದು ಪಕ್ಷವು ಪಂದ್ಯದ ಪ್ರತಿ ಅರ್ಧದಲ್ಲಿ ಮೂರು ಬಾರಿ ಮಾತ್ರ ಆಟ ನಿಲ್ಲಿಸಬಹುದು. ಆದರೆ ಯಾರಿಗಾದರೂ ಪೆಟ್ಟಾದರೆ ಆಟ ತಾನಾಗಿಯೇ ನಿಲ್ಲುವುದು. ಮೂರು ಅವಕಾಶ ಲೆಕ್ಕದ್ದು, ಪೆಟ್ಟಿಗೆ ಲೆಕ್ಕವಿಲ್ಲ. ಈ ಸಂದಿಯಲ್ಲಿಯೇ ಕಪಟ ಒಳನುಸುಳಿತು.

1988ರ ಡಿಸೆಂಬರ್ 31ರಂದು ಸಿನ್ಸಿನಾಟಿಯ ವೇಗಕ್ಕೆ ತತ್ತರಿಸಿದ ಸಿಯಾಟಲ್ ತಂಡದ ರಕ್ಷಕನೊಬ್ಬನು ಮತ್ತೆ ಮತ್ತೆ ನೆಲಕ್ಕೊರಗಿದನು; ನೋಡಿದವರು ಅದನ್ನು ನಟನೆಯೆಂದೇ ತಿಳಿದರು. ಆದರೂ ಸಿಯಾಟಲ್ ಸೋತಿತು. 2010ರ ನವೆಂಬರ್ 13ರಂದು ಕ್ಯಾಲಿಫೋರ್ನಿಯ ವಿಶ್ವವಿದ್ಯಾಲಯದ ಬರ್ಕಲಿ ತಂಡವು ಆರೆಗಾನನ್ನು ಎದುರಿಸಿತು. ಅಲ್ಲಿಯವರೆಗೆ ಪಂದ್ಯವೊಂದಕ್ಕೆ ಸರಾಸರಿ 50ಕ್ಕೂ ಹೆಚ್ಚು ಅಂಕ ಗಳಿಸುತ್ತಿದ್ದ ಆರೆಗಾನ್ ಅಂದು 15–13ರಿಂದ ಹೇಗೋ ಗೆದ್ದಿತು. ಬರ್ಕಲಿಯ ಒಬ್ಬ ಸಹಾಯಕ ತರಬೇತುದಾರನು, ಬೀಳುವಂತೆ ತನ್ನ ಆಟಗಾರನಿಗೆ ತಾನೇ ಹೇಳಿಕೊಟ್ಟುದಾಗಿ ಒಪ್ಪಿಕೊಂಡನು. ಒಂದು ಪಂದ್ಯದ ಮಟ್ಟಿಗೆ ಅವನನ್ನು ದೂರವಿಡಲಾಯಿತು. ಕಲಿಸುವವನೇ ಕಪಟವನ್ನು ಕಲಿಸಿದನಲ್ಲ ಎಂಬುದೇ ಇಲ್ಲಿ ಹೆಚ್ಚು ಯೋಚಿಸಬೇಕಾದ ಮಾತು.

2011ರ ಸೆಪ್ಟೆಂಬರ್ 19ರ ಘಟನೆ ನಗೆಪಾಟಲಿನದು. ನ್ಯೂಯಾರ್ಕ್ ಜಯಂಟ್ಸ್ ತಂಡದ ಇಬ್ಬರು ರಕ್ಷಕರು ಏಕಕಾಲಕ್ಕೆ ಕುಸಿದರು. ಇನ್ನೊಬ್ಬನು ಬಿದ್ದಿರುವುದನ್ನು ಕಂಡವನಂತೆ ಒಬ್ಬನು ಎದ್ದುನಿಂತನು. ಬಿದ್ದೇ ಇದ್ದವನು ತಾನು ನಟಿಸಲಿಲ್ಲವೆಂದು ಆಮೇಲೆ ಹೇಳಿದನು. ಸುಳ್ಳೆಂದು ಸಾಧಿಸುವುದು ಹೇಗೆ? ನೋವು ಅನುಭವಿಸುವವನಿಗೆ ಮಾತ್ರ ಗೊತ್ತು. ವೃತ್ತಿನಿರತ ತಂಡಗಳ ಸಂಘವು ಎಲ್ಲ ತಂಡಗಳಿಗೂ ದಂಡದ ಎಚ್ಚರಿಕೆಯ ಪತ್ರ ಬರೆದು ಸುಮ್ಮನಾಯಿತು.

ಇಷ್ಟನ್ನು ಓದಿ, ಅಮೆರಿಕದವರ ಆಟ, ಅಮೆರಿಕದವರ ಮೋಸ, ನಮಗೇನು ಎಂದು ಪುಟ ತಿರುವಬೇಡಿ. 2024ರ ಜೂನ್ 29ರಂದು ಬಾರ್ಬಡೋಸಿನಲ್ಲಿ ನಡೆದ ಟಿ-20 ವಿಶ್ವಕಪ್ಪಿನ ಅಂತಿಮ ಪಂದ್ಯವನ್ನು ನಾವೆಲ್ಲರೂ ನೋಡಿದ್ದೇವೆ. ದಕ್ಷಿಣ ಆಫ್ರಿಕದವರಿಗೆ 30 ಎಸೆತಗಳಲ್ಲಿ 30 ಓಟ ಸಾಕಿತ್ತು. ಕ್ಲಾಸೆನ್ ಅವರ ಬ್ಯಾಟು ಬೆಂಕಿಯುಗುಳುತ್ತಿತ್ತು. ಒಂದು ಓವರು ಕಳೆಯಿತು. ಆಗ ನಮ್ಮ ರಿಷಭ್ ಪಂತ್ ಅವರು ನೆಲಕ್ಕೆ ಕುಳಿತು ಮೊಣಕಾಲಿಗೆ ಪಟ್ಟಿ ಸುತ್ತಿಸಿಕೊಂಡರು. ಆಟ ನಿಂತಿತು. ಮತ್ತೆ ಮೊದಲಾದಾಗ ಮೊದಲ ಎಸೆತಕ್ಕೇ ಕ್ಲಾಸೆನ್ ಔಟಾದರು. ಭಾರತ 7 ಓಟಗಳಿಂದ ಗೆದ್ದಿತು. ಅದು ಪಂತ್ ಅವರ ಚಾಣಾಕ್ಷತನವೆಂದೂ, ಆದರೆ ಗೆಲುವಿಗೆ ಅದೊಂದೇ ಕಾರಣವಲ್ಲವೆಂದೂ ನಾಯಕ ರೋಹಿತ್ ಶರ್ಮಾ ಅವರು ಅದೇ ವರ್ಷದ ಅಕ್ಟೋಬರಿನಲ್ಲಿ ಒಂದು ವಿನೋದ ಕಾರ್ಯಕ್ರಮದಲ್ಲಿ ನಗುನಗುತ್ತ ಹೇಳಿದರು. 2022ರ ಡಿಸೆಂಬರಿನ ಅಪಘಾತದಲ್ಲಿ ಪಂತ್ ಅವರ ಮೊಣಕಾಲು ನಿಜವಾಗಿಯೇ ಜಖಂಗೊಂಡಿತ್ತು; ಆದುದರಿಂದ ಯಾರೂ ಸಂಶಯಪಡಲಿಲ್ಲ. ವಸತಿಗೃಹದಲ್ಲಿ ಆ ಮಾತನ್ನು ಕೇಳಿ ಚಪ್ಪಾಳೆ ತಟ್ಟಿದವರಲ್ಲಿ ನಾನೂ ಒಬ್ಬ. ದಕ್ಷಿಣ ಆಫ್ರಿಕದವನೊಬ್ಬನು ಹೀಗೆ ಮಾಡಿ ನಮ್ಮನ್ನು ಸೋಲಿಸಿದ್ದರೆ ಅದನ್ನು ಚಾಣಾಕ್ಷತನವೆನ್ನುತ್ತಿದ್ದೆವೆ?

ಈಗ ನನ್ನ ಅಧಿಕಾರದ ಮಾತು. ಹೋದ ವರ್ಷ ಅಂತರ ಕಾಲೇಜು ಕಬಡ್ಡಿ ಪಂದ್ಯದಲ್ಲಿ ನಾನು ನಮ್ಮ ಕಾಲೇಜಿನ ಪರವಾಗಿ ಆಡಿದೆನು. ಎದುರು ಪಕ್ಷದ ದಾಳಿಗಾರನೊಬ್ಬನು ಗಾಳಿಯಂತೆ ಬಂದು ಒಂದರ ಹಿಂದೊಂದು ಮೂರು ದಾಳಿಯಲ್ಲಿ ನಮ್ಮ ನಾಲ್ವರನ್ನು ಮುಟ್ಟಿ ಹೋದನು. ಅಂಕಣದಲ್ಲಿ ಉಳಿದವರು ಮೂವರು. ನಮ್ಮ ತಂಡದ ಹಿರಿಯನೊಬ್ಬನು ನನ್ನ ಕಿವಿಯಲ್ಲಿ, “ಬೀಳಲೇ, ಮೊಣಕಾಲು ಹಿಡಕೊ” ಎಂದನು. ನಾನು ಬಿದ್ದೆನು, ಕೂಗಿದೆನು, ಹೊರಳಾಡಿದೆನು. ಆಟ ನಾಲ್ಕು ನಿಮಿಷ ನಿಂತಿತು. ಮೊದಲು ಓಡಿ ಬಂದವನು ನಮ್ಮವನಲ್ಲ, ಆ ದಾಳಿಗಾರನೇ. ತನ್ನ ಕಾಲು ತಾಗಿ ನನಗೆ ಪೆಟ್ಟಾಯಿತೆಂದು ತಿಳಿದು, ನನ್ನ ಕಾಲನ್ನು ತನ್ನ ತೊಡೆಯ ಮೇಲಿಟ್ಟುಕೊಂಡು ನೀವಿದನು, ತನ್ನ ಬಾಟಲಿಯ ನೀರು ಕುಡಿಸಿದನು, “ತಪ್ಪಾತಪ್ಪಾ” ಎಂದನು. ಆಟ ಮೊದಲಾದ ಮೇಲೆ ಅವನ ಓಟದಲ್ಲಿ ಮೊದಲಿನ ಬಿರುಸಿರಲಿಲ್ಲ. ಮುಂದಿನ ದಾಳಿಯಲ್ಲಿಯೇ ಅವನನ್ನು ಹಿಡಿದೆವು. ಎರಡು ಅಂಕಗಳಿಂದ ಗೆದ್ದೆವು.

ಮನೆಗೆ ಹೋಗಿ ಈ ಸಾಹಸವನ್ನು ಅಪ್ಪನ ಮುಂದೆ ಬಣ್ಣಿಸಿದೆನು. ನನ್ನ ಅಪ್ಪ ಮಾರುಕಟ್ಟೆಯಲ್ಲಿ ಚೀಲ ಹೊರುವ ಹಮಾಲಿ. ಓದುಬರಹ ಅರಿಯದವನು, ನಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವನು ನಾನೇ ಮೊದಲಿಗ. ನಾನು ಹತ್ತನೆಯ ತರಗತಿಯಲ್ಲಿದ್ದಾಗ ಲಾರಿಯಿಂದ ಚೀಲ ಇಳಿಸುವಾಗ ಹಲಗೆ ಜಾರಿ ಅಪ್ಪ ಬಿದ್ದಿದ್ದನು. ಸೊಂಟಕ್ಕೆ ಬಲವಾದ ಪೆಟ್ಟು. ದಲಾಲಿ ಅಂಗಡಿಯವರು, “ನಾಟಕ ಮಾಡತಾನ, ಎಬ್ಬಿಸ್ರಿ” ಎಂದರಂತೆ. ಆ ವಾರದ ಕೂಲಿಯೂ ಸಿಗಲಿಲ್ಲ. ಇಪ್ಪತ್ತು ದಿನ ಹಾಸಿಗೆ ಹಿಡಿದನು. ಅವ್ವನ ಕಿವಿಯ ಓಲೆ ಒತ್ತೆಬಿದ್ದಿತು.

ನನ್ನ ಕಥೆಯನ್ನು ಕೇಳಿ ಅಪ್ಪ ನಗುವನೆಂದು ತಿಳಿದಿದ್ದೆ. ಅವನು ನಗಲಿಲ್ಲ. ಸ್ವಲ್ಪ ಹೊತ್ತು ಸುಮ್ಮನಿದ್ದು, “ನಾ ಖರೇನ ಬಿದ್ದಾಗ ಒಬ್ಬನೂ ನಂಬಲಿಲ್ಲ. ನೀ ಸುಳ್ಳ ಬಿದ್ದೀ, ನೀರು ತಂದು ಕೊಟ್ಟಾರಲ್ಲಪ್ಪಾ” ಎಂದು ಎದ್ದು ಹೋದನು. ಆ ಮಾತು ಇಂದಿಗೂ ನನ್ನನ್ನು ಬಿಟ್ಟಿಲ್ಲ. ಈ ಲೇಖನಕ್ಕೂ ಅದೇ ಕಾರಣ.

ಆಟವೆಂದ ಮೇಲೆ ಮೋಸವಿಲ್ಲದೆ ನಡೆಯುವುದೇ ಎಂದು ಗೆಳೆಯರು ವಾದಿಸುವುದುಂಟು. ಕಬಡ್ಡಿಯಲ್ಲಿ ಎಡಕ್ಕೆ ವಾಲಿದಂತೆ ಮಾಡಿ ಬಲಕ್ಕೆ ಜಿಗಿಯುವುದಿಲ್ಲವೆ? ಬೌಲರನು ವೇಗದ ಚೆಂಡಿನಂತೆ ಓಡಿ ಬಂದು ನಿಧಾನದ ಚೆಂಡು ಹಾಕುವುದಿಲ್ಲವೆ? ಹೌದು, ಅವೂ ಮೋಸವೇ. ಆದರೆ ಅವು ಎದುರಾಳಿಯ ಕಣ್ಣಿಗೆ ಮಾಡುವ ಮೋಸ. ಅವನು ತನ್ನ ಚುರುಕುತನದಿಂದ ಅದಕ್ಕೆ ಉತ್ತರ ಕೊಡಬಲ್ಲನು. ಸುಳ್ಳು ಪೆಟ್ಟು ಎದುರಾಳಿಯ ಕರುಣೆಗೆ ಮಾಡುವ ಮೋಸ. ಅದಕ್ಕೆ ಅವನು ಕೊಡಬಹುದಾದ ಉತ್ತರ ಒಂದೇ: ಮುಂದಿನ ಸಲ ಬಿದ್ದವನ ಬಳಿಗೆ ಓಡಿ ಬಾರದಿರುವುದು. ಒಬ್ಬ ಒಳ್ಳೆಯ ಮನುಷ್ಯನನ್ನು ಕಲ್ಲೆದೆಯವನನ್ನಾಗಿ ಮಾಡಿ ಪಡೆದ ಎರಡು ಅಂಕಗಳ ಬೆಲೆ ಎಷ್ಟು?

ಇನ್ನೊಂದು ವಾದವಿದೆ. ಗುಂಪುಗೂಡದೆ ಓಡಿ ಎದುರಾಳಿಗೆ ಉಸಿರಾಡಲೂ ಬಿಡದಿರುವುದು ನ್ಯಾಯವೇ, ದಣಿದ ಶರೀರಕ್ಕೆ ನಿಜವಾದ ಪೆಟ್ಟು ಬೇಗ ಬೀಳುವುದಲ್ಲವೇ ಎಂದು ರಕ್ಷಣೆಯ ಪಕ್ಷದವರು ಕೇಳುವರು. ಈ ಮಾತನ್ನು ತಳ್ಳಿಹಾಕಲಾಗದು. ಹಾಗಿದ್ದರೆ ನಿಯಮವನ್ನು ಬದಲಿಸಿ ಎಂದು ಬಹಿರಂಗವಾಗಿ ಕೇಳಲಿ. ವೇಗದ ಆಟವು ಎಲ್ಲರಿಗೂ ಕಾಣುವಂತೆ ನಡೆಯುತ್ತದೆ. ಅದನ್ನು ಕುರಿತು ಚರ್ಚಿಸಬಹುದು. ಸುಳ್ಳು ಪೆಟ್ಟನ್ನು ಚರ್ಚಿಸುವುದೂ ಸಾಧ್ಯವಿಲ್ಲ. ಒಪ್ಪಿಕೊಂಡ ಕೂಡಲೆ ಅದು ಕೆಲಸಕ್ಕೆ ಬಾರದು.

ನಿಯಮ ಮಾಡುವವರ ಕಷ್ಟವನ್ನೂ ನಾವು ಅರಿಯಬೇಕು. ಅಮೆರಿಕದ ಕಾಲೇಜುಗಳ ಆಟಕ್ಕೆ 2025ರಲ್ಲಿ ಹೊಸ ನಿಯಮ ಬಂದಿತು. ಮುಂದಿನ ಅವಕಾಶಕ್ಕಾಗಿ ಚೆಂಡನ್ನು ನೆಲದ ಮೇಲಿಟ್ಟ ನಂತರ ಪೆಟ್ಟಾದವನನ್ನು ನೋಡಲು ವೈದ್ಯರು ಒಳಗೆ ಬಂದರೆ, ಅವನ ತಂಡದ ಆಟ ನಿಲ್ಲಿಸುವ ಅವಕಾಶಗಳಲ್ಲಿ ಒಂದು ಕಳೆಯುವುದು. ಅವು ಮುಗಿದಿದ್ದರೆ 5 ಗಜದ ದಂಡ. ಪೆಟ್ಟು ನಿಜವೋ ಸುಳ್ಳೋ ಎಂದು ಅಂಪೈರನು ನಿರ್ಣಯಿಸಬೇಕಾಗಿಲ್ಲ. ಸುಳ್ಳಿಗೆ ಲಾಭವಿಲ್ಲದಂತೆ ಮಾಡಿದರಾಯಿತು ಎಂಬುದು ಇದರ ತತ್ತ್ವ. ಜಾಣ ನಿಯಮವೇ ಸರಿ. ಆದರೆ ನಿಜವಾಗಿ ಪೆಟ್ಟು ತಿಂದವನ ತಂಡಕ್ಕೂ ಅದೇ ದಂಡ. ತಲೆಗೆ ಪೆಟ್ಟಾಗಿ ಕಣ್ಣು ಕತ್ತಲಿಟ್ಟರೂ ಅದನ್ನು ಮರೆಮಾಚಿ ಆಡುವ ಚಟ ಆ ಆಟದಲ್ಲಿ ಮೊದಲೇ ಇದೆ. ಗೆಳೆಯರಿಗೆ ದಂಡ ತಗುಲೀತೆಂಬ ಅಂಜಿಕೆಯೂ ಸೇರಿದರೆ ಇನ್ನೆಷ್ಟು ಹುಡುಗರು ಹಲ್ಲು ಕಚ್ಚಿ ನಿಂತಾರು! ಸುಳ್ಳನು ಮಾಡಿದ ಸಾಲವನ್ನು ಸತ್ಯವಂತನು ತೀರಿಸಬೇಕಾಗಿದೆ.

2023ರ ಜನವರಿ 2ರಂದು ಸಿನ್ಸಿನಾಟಿಯ ಕ್ರೀಡಾಂಗಣದಲ್ಲಿಯೇ ಬಫಲೋ ತಂಡದ ಡಮಾರ್ ಹ್ಯಾಮ್ಲಿನ್ ಎಂಬ ತರುಣನು ಎದುರಾಳಿಯನ್ನು ಕೆಡವಿ, ಎದ್ದುನಿಂತು, ಮರುಕ್ಷಣವೇ ಹಿಂದಕ್ಕೆ ಬಿದ್ದನು. ಹೃದಯ ನಿಂತಿತ್ತು. ವೈದ್ಯರು ತಡಮಾಡದೆ ಓಡಿದರು. ಬಯಲಿನಲ್ಲಿಯೇ ಎದೆಯೊತ್ತಿ ಅವನ ಪ್ರಾಣ ಉಳಿಸಿದರು. ಆಗ ಒಬ್ಬರಾದರೂ, ಇವನು ನಟಿಸುತ್ತಿರಬಹುದೆಂದು ಅರೆಗಳಿಗೆ ಹಿಂದೆಗೆದಿದ್ದರೆ? ಬಿದ್ದವನನ್ನು ಕೂಡಲೆ ನಂಬುವುದು ಆಟಗಾರರೆಲ್ಲರ ಸಮಾನ ಆಸ್ತಿ. ಒಬ್ಬೊಬ್ಬರು ಸುಳ್ಳು ಬಿದ್ದಾಗಲೂ ಆ ಆಸ್ತಿಯಿಂದ ಒಂದಿಷ್ಟು ಕದ್ದಂತೆಯೇ.

ನಮ್ಮ ಕಾಲೇಜಿನ ಪಂದ್ಯಗಳಿಗಾಗಿ ನನ್ನ ಅಲ್ಪಮತಿಗೆ ತೋರಿದ ಎರಡು ಸಲಹೆಗಳನ್ನು ಕ್ರೀಡಾ ವಿಭಾಗದ ಗುರುಗಳ ಮುಂದಿಡುತ್ತೇನೆ. ಬಿದ್ದು ಆಟ ನಿಲ್ಲಿಸಿದವನು ಹೊರಗೆ ಹೋಗಿ ಐದು ನಿಮಿಷವಾದರೂ ಕೂರಬೇಕು; ಅವನ ಬದಲಿಗೆ ಬೇರೊಬ್ಬನನ್ನು ಕೂಡಲೆ ಇಳಿಸಲು ಅವಕಾಶವಿರಬೇಕು. ನಿಜವಾಗಿ ನೊಂದವನಿಗೆ ಇದರಿಂದ ವಿಶ್ರಾಂತಿ, ತಂಡಕ್ಕೆ ನಷ್ಟವಿಲ್ಲ. ನಟಿಸುವವನಿಗೆ ಆಟವೇ ತಪ್ಪುವುದು. ಎರಡನೆಯದು, ಬೀಳೆಂದು ಹೇಳಿಕೊಟ್ಟವನು ನಾಯಕನಾಗಲಿ ತರಬೇತುದಾರನಾಗಲಿ, ಬಿದ್ದವನಿಗಿಂತ ಹೆಚ್ಚಿನ ಶಿಕ್ಷೆಗೆ ಅವನು ಪಾತ್ರನಾಗಬೇಕು. ನಾನು ಬಿದ್ದುದು ನನ್ನ ತಪ್ಪೇ. ಅದನ್ನು ಆ ಹಿರಿಯನ ಮೇಲೆ ಹೊರಿಸಲಾರೆ. ಆದರೆ ಬೇಡವೆನ್ನುವ ಧೈರ್ಯ ಹತ್ತೊಂಬತ್ತು ವರ್ಷದ ಎಲ್ಲ ಹುಡುಗರಿಗೂ ಇರುವುದಿಲ್ಲ.

ಆ ಪಂದ್ಯದ ಪ್ರಮಾಣಪತ್ರ ನನ್ನ ಪೆಟ್ಟಿಗೆಯ ತಳದಲ್ಲಿದೆ. ಅವ್ವ ಅದಕ್ಕೆ ಕಟ್ಟು ಹಾಕಿಸಿ ಗೋಡೆಗೆ ತೂಗುಹಾಕೆಂದು ಎರಡು ಸಲ ಹೇಳಿದಳು; ನಾನು ಹಾಕಲಿಲ್ಲ. ಆ ದಾಳಿಗಾರನ ಹೆಸರನ್ನು ನಾನು ಕೇಳಿಕೊಂಡಿರಲಿಲ್ಲ. ಈ ವರ್ಷ ಅವನ ಕಾಲೇಜಿನ ತಂಡ ಮತ್ತೆ ನಮ್ಮಲ್ಲಿಗೆ ಬರಲಿದೆಯಂತೆ. ಅವನು ಬಂದರೆ, ಪಂದ್ಯ ಮೊದಲಾಗುವುದಕ್ಕೆ ಮುಂಚೆಯೇ ಅವನ ಮುಂದೆ ನಿಂತು ನಡೆದುದನ್ನು ಹೇಳಬೇಕೆಂದಿದ್ದೇನೆ. ಅವನು ಬೈದರೂ ಬೈಯಲಿ. ಇನ್ನೊಮ್ಮೆ ಯಾರಾದರೂ ನಿಜವಾಗಿ ಬಿದ್ದಾಗ ಅವನು ಹಿಂದಿನಂತೆಯೇ ನೀರಿನ ಬಾಟಲಿ ಹಿಡಿದು ಓಡಿ ಬಂದರೆ ನನಗಷ್ಟೇ ಸಾಕು.